ಮೆಲ್ ಬೀರ್ನ್ ಹಲ್ಲು ಕಳೆದುಕೊಂಡ ವರ್ಷ

ಮೆಲ್ ಬೀರ್ನ್‌ನ ಮುಂದಿನ ಹಲ್ಲು ಬಿದ್ದದ್ದು ಇಪ್ಪತ್ತು ಜನರ ಎದುರಿಗೆ. ಆದರೂ ಅದನ್ನು ಕಂಡವಳು ನಾನೊಬ್ಬಳೇ.

1998ರ ಜನವರಿ, ಒಂದು ಶುಕ್ರವಾರ ಸಂಜೆ. ಗಿಲ್‌ಹೂಲಿಯವರ ಪಬ್ಬಿನಲ್ಲಿ ಒಲೆಯ ಪಕ್ಕದ ಮೂಲೆ ನಮ್ಮದು. ಪ್ರತಿ ಶುಕ್ರವಾರ ಅಲ್ಲಿ ಕೂತು ನುಡಿಸುತ್ತಿದ್ದೆವು. ನನ್ನದು ಪಿಟೀಲು. ನನ್ನ ಎಡಕ್ಕೆ ಮೆಲ್, ಅವನ ಕರಿಮರದ ಕೊಳಲು. ಆವತ್ತು ಒಂದು ರೀಲ್ ಹಿಡಿದಿದ್ದೆವು. ಕೇಳಿದವರ ಕಾಲು ಸುಮ್ಮನಿರದಂಥ ಓಟದ ಕುಣಿತದ ಮಟ್ಟು. ಎರಡನೇ ಸುತ್ತಿನಲ್ಲಿ ಕೊಳಲಿನ ದನಿ ಒಂದು ಗಳಿಗೆ ನಿಂತು ಮತ್ತೆ ಬಂತು. ಓರೆಗಣ್ಣಲ್ಲಿ ನೋಡಿದೆ. ಮೆಲ್ ಅಂಗೈಗೆ ಏನೋ ಉಗುಳಿಕೊಂಡು, ಕೋಟಿನ ಜೇಬಿಗೆ ಹಾಕಿ, ಮುಂದಿನ ಸ್ವರಕ್ಕೆ ಸರಿಯಾಗಿ ಬಂದು ಸೇರಿದ.

ಮಟ್ಟು ಮುಗಿದ ಮೇಲೆ ಮೆಲ್ಲಗೆ ಕೇಳಿದೆ, "ಏನು ಮೆಲ್ ಅದು?"

"ಯಾವುದು?"

"ಜೇಬಿಗೆ ಹಾಕಿದ್ದು."

"ಡೆಲಿಯಾ, ನೀನು ನಿನ್ನ ಪಿಟೀಲು ನೋಡ್ಕೊಳ್ಳಮ್ಮಾ," ಅಂದ, ತುಟಿ ಬಿಚ್ಚದೆ.

ಮೆಲ್‌ನ ಮನೆ ನಮ್ಮ ಮನೆಯಿಂದ ರಸ್ತೆ ದಾಟಿದರೆ ಸಿಗುತ್ತದೆ. ಆಗ ಅವನಿಗೆ ಐವತ್ತೇಳು. ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಐರ್ಲೆಂಡಿನ ನಮ್ಮ ಲೀಟ್ರಿಮ್ ಕೌಂಟಿಯ ಕೆರೆ, ಗುಡ್ಡ, ಸಂದಿಗೊಂದಿಗಳಲ್ಲಿ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂದು ಅವನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಹದಿನಾಲ್ಕಕ್ಕೆ ಶಾಲೆ ಬಿಟ್ಟವನು. ಹದಿನೆಂಟಕ್ಕೆ ಲಂಡನ್ನಿಗೆ ಹೋಗಿ ಆರು ವರ್ಷ ಚರಂಡಿ ತೋಡಿದ. ಅಲ್ಲಿನ ಒಂದು ಒತ್ತೆ ಅಂಗಡಿಯ ಕಿಟಕಿಯಲ್ಲಿ ಈ ಕೊಳಲು ಕಂಡಿತಂತೆ. ಕೈಯಲ್ಲಿ ಕಾಸಿರಲಿಲ್ಲ. ಮೈಮೇಲಿದ್ದ ಹೊಸ ಕೋಟು ಬಿಚ್ಚಿಕೊಟ್ಟು ಕೊಳಲು ತಂದ. ನವೆಂಬರ್ ತಿಂಗಳು. ಆ ಚಳಿಗಾಲವನ್ನೆಲ್ಲ ಒಂದು ಸ್ವೆಟರಿನಲ್ಲಿ ಕಳೆದ. ಹೆಂಡತಿ ಟೀಸಿಯ ಪರಿಚಯವಾದದ್ದು ಆಗಲೇ.

"ಸಂಗೀತ ಕೇಳಿ ಮರುಳಾದೆ ಅಂದ್ಕೋಬೇಡ," ಎಂದು ಟೀಸಿ ನನಗೆ ಎಷ್ಟೋ ಸಲ ಹೇಳಿದ್ದಳು. "ನಡುಗ್ತಾ ನಿಂತಿದ್ದ. ಪಾಪ ಅನ್ನಿಸ್ತು. ಅಷ್ಟೇ."

ಮೆಲ್‌ಗೆ ಪಾಠ ಹೇಳಿದ ಗುರುವಿಲ್ಲ. ಅವನ ಗುರು ರೇಡಿಯೊ. ಪಕ್ಕದ ಕೌಂಟಿಯಲ್ಲಿ, ಎಲ್ಫಿನ್ ಹತ್ತಿರ, ಹ್ಯೂಬರ್ಟ್ ಕಾಸರ್ಲಿ ಎಂಬ ಕೊಳಲುಗಾರರಿದ್ದರು. ರೇಡಿಯೊದಲ್ಲಿ ಬಂದ ಅವರ ವಾದನವನ್ನು ಮೆಲ್ ಒಂದು ಕ್ಯಾಸೆಟ್ಟಿಗೆ ಹಿಡಿದುಕೊಂಡು, ಟ್ಯಾಂಕರಿನಲ್ಲಿ ಟೇಪು ಸವೆಯುವವರೆಗೆ ಕೇಳಿದ್ದ. ಎರಡು ಸಲ ಎದುರು ಸಿಕ್ಕಾಗಲೂ ಕೈಕುಲುಕಿ ಬಂದನೇ ಹೊರತು ಮಾತಾಡುವ ಧೈರ್ಯ ಬರಲಿಲ್ಲ. "ದೊಡ್ಡವರು. ಅವರ ಹತ್ರ ನಾನೇನು ಮಾತಾಡ್ಲಿ? ಹವಾ ಚೆನ್ನಾಗಿದೆ ಅನ್ಲಾ?" ಅನ್ನುತ್ತಿದ್ದ.

ಮೆಲ್‌ನ ಮೇಲಿನ ಎರಡು ಹಲ್ಲುಗಳ ನಡುವೆ ಒಂದು ಸಂದಿಯಿತ್ತು. ಅವನ ನಾದ ಹೊರಡುವುದೇ ಆ ಸಂದಿಯಿಂದ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಹಾಗೆ ಹೇಳೀ ಹೇಳೀ ಅದೇ ನಿಜವಾಯಿತು, ಬೇರೆಯವರಿಗಲ್ಲ, ಅವನಿಗೆ. ಒಸಡು ಹಾಳಾಗಿ ಹಲ್ಲುಗಳು ಒಂದೊಂದೇ ಅಲುಗಾಡತೊಡಗಿ ಮೂರು ವರ್ಷವಾಗಿದ್ದರೂ ಅವನು ದಂತವೈದ್ಯರ ಬಾಗಿಲು ತುಳಿದಿರಲಿಲ್ಲ. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಮಾಂಸ ಬೇಡ, ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದ. ಟೀಸಿ ಪಾಪ ಅವನ ಹೊಟ್ಟೆಗೆ ಔಷಧಿ ತಂದುಕೊಡುತ್ತಿದ್ದಳು.

ಹಲ್ಲು ಬಿದ್ದ ಮರುವಾರವೇ ಡಬ್ಲಿನ್ನಿನಿಂದ ಕಾಗದ ಬಂತು. ಕ್ಯಾರಿಕ್ ಪಟ್ಟಣದ ಹಳೆಯ ಸಭಾಂಗಣವನ್ನು ರಿಪೇರಿ ಮಾಡಿ ಹೊಸ ರಂಗಮಂದಿರ ಮಾಡುತ್ತಿದ್ದರು. ಅಕ್ಟೋಬರಿನಲ್ಲಿ ಆರಂಭ. ಐವರ್ ಎಂಬ ನಿರ್ದೇಶಕ ನಮ್ಮ ಏಳು ಜನರ ತಂಡವನ್ನು ಕರೆದಿದ್ದ. ಮೊದಲಿಗೆ ಕತ್ತಲ ರಂಗದ ಮೇಲೆ ಮೆಲ್ ಬೀರ್ನ್ ಒಬ್ಬನೇ ಒಂದು ನಿಧಾನದ ಮಟ್ಟು ಊದಬೇಕು, ಆಮೇಲೆ ನಾವೆಲ್ಲ ಸೇರಿಕೊಳ್ಳಬೇಕು. ಮೂವತ್ತು ವರ್ಷ ಯಾರೂ ಅವನನ್ನು ರಂಗಕ್ಕೆ ಕರೆದಿರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ.

ನಾನು ಇನ್ನು ಬಾಯಿ ಮುಚ್ಚಿಕೊಂಡಿರುವುದು ಸರಿಯಲ್ಲ ಅನ್ನಿಸಿ ಟೀಸಿಗೆ ಹೇಳಿಬಿಟ್ಟೆ. ಟೀಸಿ ಅಂದು ಮಧ್ಯಾಹ್ನ ಊಟಕ್ಕೆ ಬಂದ ಗಂಡನ ಎದುರಿಗೆ ಒಂದು ಸೇಬು ಇಟ್ಟಳಂತೆ.

"ಕಚ್ಚು."

"ಆಮೇಲೆ ತಿಂತೀನಿ."

"ಈಗ ಕಚ್ಚು, ಮೆಲ್. ನಾನು ನೋಡ್ಬೇಕು."

ಅವನು ಸೇಬನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ಆಮೇಲೆ ಕೆಳಗಿಟ್ಟ. ಮರುದಿನವೇ ಟೀಸಿ ಅವನನ್ನು ಕ್ಯಾರಿಕ್ಕಿಗೆ ಕರೆದುಕೊಂಡು ಹೋದಳು.

ಅಲ್ಲಿನ ದಂತವೈದ್ಯೆ ಡಾಕ್ಟರ್ ಹೆರಾಟಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯಿಗೆ ಬೆಳಕು ಬಿಟ್ಟು ಒಂದೊಂದೇ ಹಲ್ಲು ಅಲುಗಿಸಿ ನೋಡಿದಳು.

"ಇಷ್ಟು ವರ್ಷ ಯಾಕೆ ಬರ್ಲಿಲ್ಲ, ಬೀರ್ನ್ ಅವರೇ?"

"ಕೊಳಲು ಊದ್ತೀನಿ ಡಾಕ್ಟ್ರೇ, ಅದಕ್ಕೆ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಬಂದ್ರೆ ನೀವು ಕೀಳ್ತೀರಿ ಅಂತ."

"ಮುಂಚೆ ಬಂದಿದ್ರೆ ಕೀಳ್ತಾ ಇರ್ಲಿಲ್ಲ," ಅಂದಳು ಆಕೆ, ಬೇಸರದಿಂದ. "ಈಗ ಮೇಲಿನವು ಎಲ್ಲಾ ಹೋಗ್ಬೇಕು."

"ಆಮೇಲೆ ಊದಬಹುದಾ?"

"ಸುಳ್ಳು ಹೇಳಲ್ಲ. ನನಗೆ ಗೊತ್ತಿಲ್ಲ."

ಫೆಬ್ರವರಿಯಲ್ಲಿ ಹಲ್ಲು ಕೀಳಿಸಿದ್ದಾಯಿತು. ಒಸಡು ಮಾಗಲು ಬಿಟ್ಟು ಏಪ್ರಿಲ್‌ನಲ್ಲಿ ಹಲ್ಲಿನ ಸೆಟ್ಟು ಬಂತು. ಬಿಳಿಯದು, ಸಾಲಾಗಿ, ಸಂದಿಯಿಲ್ಲದ್ದು. ಹಾಕಿಕೊಂಡು ಬಂದ ದಿನ ನೋಡಲು ಚೆನ್ನಾಗಿಯೇ ಕಂಡ. ಹತ್ತು ವರ್ಷ ಚಿಕ್ಕವನಾದ ಹಾಗೆ. ನಾನು ಅದನ್ನೇ ಹೇಳಿದೆ. ಅವನು ನಗಲಿಲ್ಲ.

ಶುಕ್ರವಾರದ ಕೂಟಕ್ಕೆ ಬಂದು, ಕೆಮ್ಮು ಇದೆ ಎಂದು ಎರಡು ವಾರ ಬರೀ ಕೂತ. ಮೂರನೇ ವಾರ ಬರಲಿಲ್ಲ. ಒಂದು ದಿನ ಶಾಲೆ ಮುಗಿಸಿ (ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು) ಮನೆಗೆ ನಡೆದು ಬರುವಾಗ ಅವನ ಹುಲ್ಲಿನ ಕೊಟ್ಟಿಗೆಯಿಂದ ಒಂದು ಸದ್ದು ಕೇಳಿಸಿತು. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ, ಹುಸ್ ಎಂದು. ನಿಂತು ಕೇಳಿದೆ. ಮತ್ತೆ ಹುಸ್. ಮತ್ತೆ. ನಡುನಡುವೆ ಸ್ವರದ ಒಂದು ಎಳೆ ಸಿಕ್ಕಿದಂತೆ ಆಗಿ ಜಾರಿಹೋಗುತ್ತಿತ್ತು. ಆ ಮನುಷ್ಯ ಊದಿದರೆ ಪಬ್ಬಿನ ಗ್ಲಾಸುಗಳು ಝಣ್ ಅನ್ನುತ್ತಿದ್ದವು. ನಾನು ಗೇಟಿನ ಹತ್ತಿರ ಇನ್ನೂ ನಿಲ್ಲಲಾರದೆ ಬೇಗಬೇಗ ನಮ್ಮ ಮನೆಗೆ ಹೋಗಿಬಿಟ್ಟೆ.

"ಟ್ಯಾಂಕರಿನಲ್ಲಿ ರೇಡಿಯೊ ಕೂಡ ಹಾಕಲ್ವಂತೆ," ಎಂದಳು ಟೀಸಿ, ನಮ್ಮ ಅಡುಗೆಮನೆಗೆ ಬಂದು ಕೂತು. "ನಿನ್ನೆ ಬಾಕ್ಸ್ಟಿ ಮಾಡಿದ್ದೆ. ಆಲೂಗಡ್ಡೆ ರೊಟ್ಟಿ ಅಂದ್ರೆ ಪ್ರಾಣ ಬಿಡೋನು ಒಂದು ತುಂಡು ತಿಂದು ಎದ್ದ. ಡೆಲಿಯಾ, ನನಗೆ ಹಲ್ಲಿನ ಚಿಂತೆ ಇಲ್ಲ. ಮನೇಲಿ ಸದ್ದೇ ಇಲ್ಲ ಈಗ. ಅದು ತಡೆಯೋಕಾಗ್ತಿಲ್ಲ."

ಮೇ ತಿಂಗಳ ಮೊದಲ ಶನಿವಾರ ಮೆಲ್ ನಮ್ಮ ಮನೆಗೆ ಬಂದ. ಕೈಯಲ್ಲಿ ಕೊಳಲಿನ ಪೆಟ್ಟಿಗೆ. ಮೇಜಿನ ಮೇಲಿಟ್ಟು, ನಿಂತೇ ಮಾತಾಡಿದ.

"ಇದನ್ನ ಕಾಸರ್ಲಿಯವರಿಗೆ ಕೊಟ್ಟು ಬಾ. ಯಾರಿಗೆ ಸೇರಬೇಕು ಅಂತ ಅವರಿಗೆ ಗೊತ್ತಿರುತ್ತೆ. ಸುಮ್ನೆ ಪೆಟ್ಟಿಗೇಲಿ ಒಣಗಿ ಸೀಳೋದು ಬೇಡ."

"ನೀನೇ ಕೊಡು. ನಾನು ಬೇಕಾದ್ರೆ ಕಾರು ಓಡಿಸ್ತೀನಿ."

"ನನ್ನ ಕೈಲಿ ಆಗಲ್ಲ ಮಾರಾಯ್ತಿ. ಡಬ್ಲಿನ್ನಿನವನಿಗೆ ಬರಲ್ಲ ಅಂತ ನಾನೇ ಕಾಗದ ಬರೀತೀನಿ. ಇದೊಂದು ನೀನು ಮಾಡು."

ವಾದ ಮಾಡಿ ಪ್ರಯೋಜನವಿರಲಿಲ್ಲ. ಡಬ್ಲಿನ್ನಿಗೆ ಕಾಗದ ಒಂದು ವಾರ ತಡೆದು ಬರಿ ಎಂದು ಮಾತು ತೆಗೆದುಕೊಂಡು, ಅವತ್ತೇ ಎಲ್ಫಿನ್‌ಗೆ ಹೊರಟೆ.

ಹ್ಯೂಬರ್ಟ್ ಕಾಸರ್ಲಿಗೆ ಆಗ ಎಂಬತ್ತೊಂದು. ಉದ್ದನೆಯ ಆಳು, ವಯಸ್ಸಿಗೆ ಸ್ವಲ್ಪ ಬಾಗಿದ್ದರು. ಅಡುಗೆಮನೆಯಲ್ಲಿ ನನಗೆ ಚಹಾ ಕೊಟ್ಟು, ಪೆಟ್ಟಿಗೆ ಬಿಚ್ಚಿ ಕೊಳಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಒಳ್ಳೆ ಕೊಳಲು. ಚೆನ್ನಾಗಿ ನೋಡ್ಕೊಂಡಿದ್ದಾನೆ. ತೀರಿಹೋದ್ನಾ?"

"ಇಲ್ಲ ಇಲ್ಲ! ಬದುಕಿದ್ದಾನೆ."

"ಮತ್ತೆ ಕೊಳಲು ಯಾಕೆ ಬಿಟ್ಟ?"

ಹೇಗೆ ಹೇಳುವುದೋ ತಿಳಿಯದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಲ್ಲು ಹೋಯಿತು, ಅದರ ಜೊತೆ ನಾದವೂ ಹೋಯಿತು ಎಂದೆ. ನಿಮ್ಮ ಕ್ಯಾಸೆಟ್ ಕೇಳಿ ಕಲಿತವನು, ನಿಮ್ಮ ಹಾಗೆ ಊದಬೇಕು ಅಂತಲೇ ಬದುಕಿದವನು, ಇನ್ನು ಆಗುವುದಿಲ್ಲ ಅಂತ ಕೈಬಿಟ್ಟಿದ್ದಾನೆ ಎಂದೆ.

ಕಾಸರ್ಲಿಯವರು ನನ್ನನ್ನೇ ನೋಡಿದರು. ಮುಖ ಕೆಂಪಾಯಿತು. ಸಿಟ್ಟು ಬಂತೇನೋ ಎಂದುಕೊಂಡೆ. ಆಮೇಲೆ ಭುಜ ಕುಲುಕತೊಡಗಿತು. ನಗು! ಮೇಜು ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊನೆಗೆ ತಡೆಯಲಾರದೆ ಬಾಯಿಗೆ ಕೈ ಹಾಕಿ, ಮೇಲಿನ ಸಾಲು, ಕೆಳಗಿನ ಸಾಲು, ಎರಡನ್ನೂ ತೆಗೆದು ಚಹಾದ ಬಟ್ಟಲಿನ ಪಕ್ಕ ಇಟ್ಟರು.

"ನಲವತ್ತೊಂಬತ್ತನೇ ಇಸವಿಯಿಂದ," ಅಂದರು, ಬೊಚ್ಚುಬಾಯಲ್ಲಿ. "ಕುದುರೆ ಒದ್ದಿತ್ತು."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅಂದ್ರೆ ರೇಡಿಯೊದಲ್ಲಿ..."

"ರೇಡಿಯೊದಲ್ಲಿ ಕೇಳಿದ್ದೆಲ್ಲ ಇದೇ ಬಾಯಿ. ನಡಿ, ನನ್ನ ಕೋಟು ಕೊಡು. ನಿನ್ನ ಕಾರಲ್ಲಿ ಜಾಗ ಇದ್ಯಾ?"

ದಾರಿಯುದ್ದಕ್ಕೂ ಅವರು ಕೊಳಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ನಡುನಡುವೆ ನೆನೆಸಿಕೊಂಡು ನಗುತ್ತಿದ್ದರು. ನಮ್ಮೂರು ಮುಟ್ಟಿದಾಗ ನಾಲ್ಕು ಗಂಟೆ. ಮೆಲ್ ಅಂಗಳದಲ್ಲಿ ಟ್ಯಾಂಕರಿನ ಚಕ್ರ ತೊಳೆಯುತ್ತಿದ್ದ. ಕಾರಿನಿಂದ ಇಳಿದವರು ಯಾರೆಂದು ನೋಡಿ, ಪೈಪು ಕೈಯಲ್ಲೇ ಹಿಡಿದು ನಿಂತುಬಿಟ್ಟ. ನೀರು ಅವನ ಬೂಟಿನ ಮೇಲೆ ಹರಿಯುತ್ತಿತ್ತು.

"ನೀರು ನಿಲ್ಲಿಸು ತಮ್ಮಾ," ಎಂದರು ಕಾಸರ್ಲಿ. "ಒಳಗೆ ಹೋಗೋಣ. ನಿನಗೊಂದು ತೋರಿಸ್ಬೇಕು."

ಅಡುಗೆಮನೆಯಲ್ಲಿ ಅವರು ಮತ್ತೆ ಹಲ್ಲು ತೆಗೆದು ಟೀಸಿಯ ಮೇಜಿನ ಮೇಲಿಟ್ಟರು. ಟೀಸಿ ಶಿಲುಬೆಯ ಗುರುತು ಹಾಕಿಕೊಂಡಳು. ಆ ಮುದುಕ ಮೆಲ್‌ನ ಕೊಳಲನ್ನು ಬೊಚ್ಚುಬಾಯಿಗೆ ಇಟ್ಟು ಜಿಗ್ ಎಂಬ ಇನ್ನೊಂದು ಬಗೆಯ ಕುಣಿತದ ಮಟ್ಟು ಊದಿದರು. ನಾದ ಸ್ವಲ್ಪ ಒರಟು, ವಯಸ್ಸಾಗಿತ್ತಲ್ಲ. ಆದರೆ ಕ್ಯಾಸೆಟ್ಟಿನ ನಾದವೇ. ಮೆಲ್ ಕುರ್ಚಿಯ ತುದಿಯಲ್ಲಿ ಕೂತು ಕೇಳಿದ. ಒಮ್ಮೆ ನಕ್ಕ ಹಾಗೆ ಕಂಡಿತು, ಆಮೇಲೆ ಕೈಯಿಂದ ಮುಖ ಮುಚ್ಚಿಕೊಂಡ.

"ನಾನು ಇಪ್ಪತ್ತು ವರ್ಷ ನಿಮ್ಮ ಹಲ್ಲು ಹೇಗಿರಬಹುದು ಅಂತ ಯೋಚನೆ ಮಾಡಿದ್ದೀನಿ," ಅಂದ, ಕೈ ತೆಗೆಯದೆ.

"ಈಗ ನೋಡು. ಅಲ್ಲೇ ಇವೆ, ಬೆಣ್ಣೆ ಪಕ್ಕ."

ಟೀಸಿ ಮೊದಲು ನಕ್ಕಳು. ಆಮೇಲೆ ಎಲ್ಲರೂ.

ನಗು ನಿಂತ ಮೇಲೆ ಕಾಸರ್ಲಿ ಕೆಲಸಕ್ಕೆ ಬಂದರು. "ಹಳೇ ಬಾಯಿ ಹೋಯ್ತು. ಅದನ್ನ ಹುಡುಕಬೇಡ. ನೀನು ಕೊಳಲನ್ನ ಹಳೇ ಜಾಗದಲ್ಲೇ ಇಡ್ತಿದ್ದೀಯ, ಅಲ್ಲಿ ಈಗ ಯಾರೂ ಇಲ್ಲ. ಮೊದಲು ಸೆಟ್ಟು ತೆಗೆದಿಟ್ಟು ಊದು. ಒಂದೇ ಸ್ವರ. ಒಂದು ವಾರ ಒಂದೇ ಸ್ವರ. ತುಟಿ ಸ್ವಲ್ಪ ಕೆಳಗೆ, ಕೊಳಲು ಸ್ವಲ್ಪ ಹೊರಗೆ. ಬಂದ ಮೇಲೆ ಸೆಟ್ಟು ಹಾಕ್ಕೊಂಡು ಅದೇ ಸ್ವರ. ಆ ಡಾಕ್ಟ್ರ ಹುಡುಗಿ ಹತ್ರ ಹೋಗಿ ಮುಂದಿನ ಭಾಗ ಒಳಗಿಂದ ತೆಳ್ಳಗೆ ಮಾಡಿಸ್ಕೊ. ನಾಚ್ಕೋಬೇಡ, ಕೊಳಲು ತಗೊಂಡು ಹೋಗಿ ಅಲ್ಲೇ ಊದಿ ತೋರಿಸು."

"ಎಷ್ಟು ದಿನ ಬೇಕಾಯ್ತು ನಿಮಗೆ?"

"ಐದು ತಿಂಗಳು. ನಮ್ಮಮ್ಮ ಹುಚ್ಚು ಹಿಡಿದಿದೆ ಅಂದ್ಕೊಂಡಿದ್ಲು." ಸ್ವಲ್ಪ ತಡೆದು ಸೇರಿಸಿದರು, "ಈ ಸೀಮೇಲಿ ಐವತ್ತು ದಾಟಿದ ಕೊಳಲುಗಾರರಲ್ಲಿ ಎಷ್ಟು ಜನಕ್ಕೆ ಸ್ವಂತ ಹಲ್ಲಿದೆ ಅಂದ್ಕೊಂಡಿದ್ದೀಯ? ಎಲ್ಲರೂ ಬಾಯಿ ಮುಚ್ಕೊಂಡಿದ್ದೀವಿ. ನಾನೂ ಮುಚ್ಕೊಂಡಿದ್ದೆ. ಅದೇ ತಪ್ಪು."

ಮೇ ಅರ್ಧಕ್ಕೆ ಬಂದಾಗ ಕೊಟ್ಟಿಗೆಯಿಂದ ಒಂದೇ ಸ್ವರ ಕೇಳಿಸತೊಡಗಿತು. ಹದಿನೈದು ದಿನ ಅದೇ. ನಮ್ಮ ಮನೆಯ ನಾಯಿ ಅದಕ್ಕೆ ಊಳಿಡುವುದನ್ನೂ ಬಿಟ್ಟುಬಿಟ್ಟಿತು, ಬೇಜಾರಾಗಿ. ಜೂನ್‌ನಲ್ಲಿ ಮೂರು ಸ್ವರ. ಡಾಕ್ಟರ್ ಹೆರಾಟಿ ಸೆಟ್ಟನ್ನು ಮೂರು ಸಲ ಉಜ್ಜಿ ತೆಳುಮಾಡಿಕೊಟ್ಟಳು. ಮೂರನೇ ಸಲ ಮೆಲ್ ಅಲ್ಲೇ ಕುರ್ಚಿಯಲ್ಲಿ ಕೂತು ಊದಿದಾಗ, ಹೊರಗೆ ಕಾಯುತ್ತಿದ್ದ ಹೆಂಗಸೊಬ್ಬಳು ಒಳಗೆ ಇಣುಕಿ, ಇಲ್ಲಿ ನೋವಿಗೆ ಸಂಗೀತದಲ್ಲಿ ಔಷಧಿ ಕೊಡ್ತೀರಾ ಎಂದು ಕೇಳಿದಳಂತೆ. ಆಗಸ್ಟಿನ ಕೊನೆಗೆ ಅವನು ಶುಕ್ರವಾರದ ಕೂಟಕ್ಕೆ ವಾಪಸು ಬಂದ. ಮೊದಲಿನಷ್ಟು ಉಸಿರಿಲ್ಲ, ಮೇಲಿನ ಸ್ವರಗಳು ಕೆಲವು ಸಲ ಕೈಕೊಡುತ್ತಿದ್ದವು. ಆದರೆ ಕೆಳಗಿನ ಸ್ವರಗಳಲ್ಲಿ ಮುಂಚೆ ಇಲ್ಲದ ಒಂದು ಗಾಢತೆ ಬಂದಿತ್ತು. ಯಾರಿಗೂ ಏನೂ ಹೇಳಲಿಲ್ಲ. ಸೆಟ್ಟಿನ ವಿಷಯ ಅವನು ಮಾತಾಡುತ್ತಿದ್ದದ್ದು ಟೀಸಿಯ ಹತ್ತಿರ, ನನ್ನ ಹತ್ತಿರ ಮಾತ್ರ. ಉಳಿದವರು ಹೊಸ ಹಲ್ಲು ನೋಡಿಯೂ ನೋಡದವರಂತೆ ಇದ್ದರು. ನಮ್ಮ ಕಡೆ ಜನ ಹಾಗೆ.

ಅಕ್ಟೋಬರಿನಲ್ಲಿ ರಂಗಮಂದಿರ ಆರಂಭವಾದ ಭಾನುವಾರ, ಪ್ರದರ್ಶನ ಮಧ್ಯಾಹ್ನ ಮೂರಕ್ಕೆ. ಹನ್ನೊಂದಕ್ಕೇ ಹೋಗಿ ತಾಲೀಮಿಗೆ ನಿಂತೆವು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಐವರ್ ಕಪ್ಪು ಅಂಗಿ ತೊಟ್ಟ ತೆಳ್ಳನೆಯ ಮನುಷ್ಯ. ಒಳ್ಳೆಯವನೇ, ಆದರೆ ಬೆಳಕು, ಹೊಗೆ ಎಂದರೆ ಜೀವ. ಮೆಲ್ ರಂಗದ ನಡುವೆ ಸ್ಟೂಲಿನ ಮೇಲೆ ಕೂತ. ಪಕ್ಕದ ಯಂತ್ರದಿಂದ ಹೊಗೆ ಹೊರಟಿತು. ಮೆಲ್ ನಾಲ್ಕು ಸ್ವರ ಊದಿ ಕೆಮ್ಮಿದ. ಕೆಮ್ಮಿದೊಡನೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಸೆಟ್ಟು ಸಡಿಲವಾಗಿತ್ತು.

"ಹೊಗೆ ಇದ್ರೆ ನಾನಿಲ್ಲ," ಅಂದ. "ನಾನಿದ್ರೆ ಹೊಗೆ ಇಲ್ಲ. ನೀವೇ ನೋಡಿ."

ಹೊಗೆ ನಿಂತಿತು. ಆಮೇಲೆ ಮೈಕಿನ ಸಮಸ್ಯೆ. ಧ್ವನಿ ನೋಡಿಕೊಳ್ಳುತ್ತಿದ್ದ ಹುಡುಗಿ ಅದನ್ನು ಅವನ ತುಟಿಯ ಪಕ್ಕಕ್ಕೇ ಇಟ್ಟಿದ್ದಳು. ಮೆಲ್ ಊದಿದಾಗ ದೊಡ್ಡ ಸ್ಪೀಕರುಗಳಲ್ಲಿ ಕೊಳಲಿನ ಜೊತೆಗೆ ಟಕ್, ಟಕ್ ಎಂದು ಇನ್ನೊಂದು ಸದ್ದು ಬಂತು.

"ಎಲ್ಲೋ ಕೇಬಲ್ ಲೂಸ್ ಇದೆ," ಎಂದು ಆಕೆ ಓಡಿ ಬಂದು ತಂತಿ ಬದಲಾಯಿಸಿದಳು. ಮತ್ತೆ ಟಕ್, ಟಕ್. ಮೈಕ್ ಬದಲಾಯಿಸಿದಳು. ಮತ್ತೆ ಅದೇ. ಐವರ್ ಕೈಗಡಿಯಾರ ನೋಡಿಕೊಂಡ. ಇನ್ನೊಬ್ಬ ಮಂಡಿಯೂರಿ ನೆಲದ ಮೇಲಿನ ತಂತಿಗಳನ್ನೆಲ್ಲ ಒಂದೊಂದೇ ಎಳೆದು ನೋಡತೊಡಗಿದ. ನಾವು ಆರು ಜನ ಪಕ್ಕದಲ್ಲಿ ನಿಂತಿದ್ದೆವು. ಮೆಲ್‌ನ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು. ಅವನು ಎದ್ದು ಹೊರಟುಬಿಡುತ್ತಾನೆ ಎಂದುಕೊಂಡೆ.

"ಏಳು ಮಗಾ," ಎಂದ ಮೆಲ್, ನೆಲದ ಮೇಲಿದ್ದವನಿಗೆ. ಮೈಕ್ ಇನ್ನೂ ಬಾಯಿ ಹತ್ತಿರವೇ ಇತ್ತು, ಮಾತು ಇಡೀ ರಂಗಮಂದಿರಕ್ಕೆ ಕೇಳಿಸಿತು. "ಕೇಬಲ್ ಸರಿಯಾಗೇ ಇದೆ. ಅದು ನನ್ನ ಹಲ್ಲು."

ಮಂಡಿಯೂರಿದ್ದವನು ತಂತಿ ಕೈಯಲ್ಲಿ ಹಿಡಿದೇ ತಲೆಯೆತ್ತಿ ನೋಡಿದ.

"ಕಟ್ಟಿಸಿದ ಹಲ್ಲು," ಅಂದ. "ಮೇಲಿನವು ಎಲ್ಲಾ. ಬೇಕಾದ್ರೆ ತೆಗೆದು ತೋರಿಸ್ತೀನಿ."

ನಮ್ಮ ಅಕಾರ್ಡಿಯನ್ನಿನ ಬಾರ್ನಿ ಮೊದಲು ತಡೆಯಲಾರದೆ ನಕ್ಕ. ಅವನು ನಕ್ಕರೆ ಮನೆ ಅಲುಗುತ್ತದೆ. ಧ್ವನಿಯ ಹುಡುಗಿ ಹಣೆ ಬಡಿದುಕೊಂಡು ಅಲ್ಲೇ ಕೂತಳು. ಐವರ್ ಕೂಡ ನಕ್ಕ. ಮೆಲ್ ಎಲ್ಲರನ್ನೂ ನೋಡಿ, ತಾನೂ ನಕ್ಕ, ಬಾಯಿ ತೆರೆದು, ಆ ಬಿಳಿ ಸಾಲು ಪೂರ್ತಿ ಕಾಣುವ ಹಾಗೆ. ಹೊಸ ಹಲ್ಲು ಬಂದ ಮೇಲೆ ಅವನು ಮನೆಯಿಂದಾಚೆ ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಮೈಕನ್ನು ಬಾಯಿಂದ ದೂರ ಸರಿಸಿ, ಬೆರಳುಗಳ ಕಡೆ ಇಟ್ಟರು. ಸದ್ದು ಹೋಯಿತು. ಅಷ್ಟು ಸುಲಭದ ಕೆಲಸ.

ಮೂರು ಗಂಟೆಗೆ ಬೆಳಕು ಆರಿತು. ನಾವು ಪರದೆಯ ಪಕ್ಕ ಕತ್ತಲಲ್ಲಿ ನಿಂತಿದ್ದೆವು. ಮೆಲ್ ಒಬ್ಬನೇ ನಡೆದುಹೋಗಿ ಕೂತ. ನಿಧಾನದ ಆ ಮಟ್ಟನ್ನು ಅವನು ಕೆಳಗಿನ ಸ್ವರದಿಂದ ಎತ್ತಿದ, ಅವಸರವಿಲ್ಲದೆ. ಮೇಲೆ ಏರುವ ಕಡೆ ಒಂದು ಸ್ವರ ಬಿರುಕುಬಿಟ್ಟಿತು. ಅದನ್ನು ಬಿಟ್ಟು ಮುಂದೆ ಹೋದ. ಮುನ್ನೂರು ಜನ ಕೂತಿದ್ದ ಆ ಕೋಣೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಗಿಸಿ, ನಮ್ಮ ಕಡೆ ತಿರುಗಿ ಹುಬ್ಬು ಹಾರಿಸಿದ. ಬನ್ರೋ, ಏನು ನೋಡ್ತಾ ನಿಂತಿದ್ದೀರಿ ಅನ್ನುವ ಹಾಗೆ. ಪಿಟೀಲು, ಅಕಾರ್ಡಿಯನ್, ಪಿಯಾನೊ, ತಮಟೆಯಂಥ ನಮ್ಮ ಬೌರಾನ್, ಎಲ್ಲ ಒಟ್ಟಿಗೆ ರೀಲಿಗೆ ಬಿದ್ದೆವು. ಜನ ಕಾಲಿನಲ್ಲಿ ತಾಳ ಹಾಕಿದ ಸದ್ದಿಗೆ ಹೊಸ ನೆಲ ಗುಡುಗಿತು.

ಪ್ರದರ್ಶನ ಮುಗಿದ ಮೇಲೆ ಐವರ್ ಬಂದು, ಹೊಸ ವರ್ಷದಲ್ಲಿ ಹನ್ನೆರಡು ಊರುಗಳಿಗೆ ಈ ಪ್ರದರ್ಶನ ಹೋಗುತ್ತದೆ, ನೀವು ಬರಲೇಬೇಕು ಎಂದ.

"ನೀವು ಕೇಳಿದ್ದು ಸಂತೋಷ," ಎಂದ ಮೆಲ್. "ಆದ್ರೆ ನಾಳೆ ಬೆಳಿಗ್ಗೆ ಟ್ಯಾಂಕರ್ ಹೊರಡ್ಬೇಕು. ಹಸುಗಳು ಕಾಯಲ್ಲ."

"ಯೋಚನೆ ಮಾಡಿ ಹೇಳಿ."

"ಯೋಚನೆ ಆಯ್ತು. ಒಂದು ಸಲ ಮಾಡ್ಬೇಕಿತ್ತು, ಮಾಡಿದೆ."

ಹೊರಗೆ ಬಂದರೆ ಇನ್ನೂ ಬಿಸಿಲಿತ್ತು. ಶ್ಯಾನನ್ ನದಿಯ ದಡದ ಗೋಡೆಯ ಮೇಲೆ ನಾವು ಮೂವರು ಕೂತೆವು, ಮೆಲ್, ಟೀಸಿ, ನಾನು. ಬಾಡಿಗೆ ದೋಣಿಗಳನ್ನು ಚಳಿಗಾಲಕ್ಕೆಂದು ಕಟ್ಟಿಹಾಕುತ್ತಿದ್ದರು. ಟೀಸಿ ಸೇತುವೆ ಹತ್ತಿರದ ಅಂಗಡಿಯಿಂದ ಕಾಗದದಲ್ಲಿ ಸುತ್ತಿದ ಬಿಸಿ ಚಿಪ್ಸ್ ತಂದಳು. ಮೇಲೆ ಉಪ್ಪು, ವಿನೆಗರ್ ಸುರಿದಿತ್ತು. ಬೆಳಿಗ್ಗೆಯಿಂದ ಮೆಲ್ ಏನೂ ತಿಂದಿರಲಿಲ್ಲ.

ಅರ್ಧ ಪೊಟ್ಟಣ ಖಾಲಿ ಮಾಡಿದ ಮೇಲೆ ದೊಡ್ಡದಾಗಿ ಉಸಿರು ಬಿಟ್ಟ. ಅವನ ಭುಜಗಳು ಇಳಿದವು. ಅಷ್ಟು ತಿಂಗಳು ಅವು ಮೇಲೆದ್ದೇ ಇದ್ದವು ಎಂಬುದು ನನಗೆ ಹೊಳೆದದ್ದು ಆಗ.

"ಏನು ಯೋಚನೆ?" ಎಂದಳು ಟೀಸಿ.

"ಏನೂ ಇಲ್ಲ ಕಣೇ," ಎಂದ ಮೆಲ್. "ನಿಜವಾಗ್ಲೂ ಏನೂ ಇಲ್ಲ."

"ಹಾಗಾದ್ರೆ ನನಗೂ ಸ್ವಲ್ಪ ಉಳಿಸು," ಎಂದು ಟೀಸಿ ಅವನ ಕೈಯಿಂದ ಪೊಟ್ಟಣ ಎಳೆದುಕೊಂಡಳು.